ಪದಚರ್ಚೆ: ಲೆನ್ಸಿನ ಕಾಲರ್‌ಗೆ ‘ಕೊರಳಪಟ್ಟಿ’ ಎನ್ನಬಹುದೇ?

ಪ್ರಶ್ನೆ – ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ಆನೆಗೊಂದಿ, ಸಾಣಾಪುರ, ಅಂಜನಾದ್ರಿಯ ಸುತ್ತ ಹಕ್ಕಿ ನೋಡಲು ಬರುವವರ ಜತೆ ಹೋಗುವ ಗೈಡುಗಳಿಗೂ ಜೀಪ್ ಚಾಲಕರಿಗೂ ಎರಡು ಪುಟದ ಕನ್ನಡ ಕೈಪಿಡಿಯೊಂದು ತಯಾರಾಗುತ್ತಿದೆ. ಬಂಡೆ ಹತ್ತುವಾಗ ‘ಸ್ವಲ್ಪ ಹಿಡ್ಕೊಳ್ರಿ’ ಎಂದು ಕ್ಯಾಮೆರಾ ಇವರ ಕೈಗೆ ಬರುತ್ತದೆ. ದೂರದ ಹಕ್ಕಿಯನ್ನು ಹತ್ತಿರ ತೋರಿಸುವ ದೊಡ್ಡ ಟೆಲಿಫೋಟೊ ಲೆನ್ಸ್ ಅದಕ್ಕೆ ಜೋಡಿಸಿಯೇ ಇರುತ್ತದೆ. ಎಲ್ಲಿ ಹಿಡಿಯಬೇಕು, ಯಾವುದರಿಂದ ತೂಗುಹಾಕಬೇಕು ಎಂದು ಬರೆಯಲು ಕೂತರೆ ಪದಗಳಲ್ಲೇ ತೊಡಕಾಗುತ್ತಿದೆ.

ಕರಡಿನಲ್ಲಿ, ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಸುತ್ತ ಇರುವ ಬಳೆಯಾದ ‘ಟ್ರೈಪಾಡ್ ಕಾಲರ್’ಗೆ ‘ಕೊರಳಪಟ್ಟಿ’, ಅದರಡಿಯ ‘ಫೂಟ್’ಗೆ ‘ಪಾದ’, ಕ್ಯಾಮೆರಾದ ಬಾಡಿಗೆ ಲೆನ್ಸ್ ಸಿಕ್ಕಿಸುವ ಜಾಗವಾದ ‘ಮೌಂಟ್’ಗೆ ‘ಕೂಡುಬಾಯಿ’ ಎಂದು ಹಾಕಿದೆ. ‘ಪ್ಲೇ’, ‘ಝೂಮ್ ಕ್ರೀಪ್’, ‘ಸ್ಲಿಂಗ್’, ‘ಟೆದರ್’ ಇವಕ್ಕೆ ಇನ್ನೂ ಏನೂ ಸಿಕ್ಕಿಲ್ಲ. ಒಂದು ವಾಕ್ಯ ಹೀಗಿದೆ: “ಕ್ಯಾಮೆರಾವನ್ನು ಕೊರಳಪಟ್ಟಿಯಿಂದ ಎತ್ತಿ ಹೆಗಲಿಗೆ ಹಾಕಿಕೊಳ್ಳಿ.” ಇದನ್ನು ಓದಿದವರು ಏನು ಮಾಡಿಯಾರು?

ಉತ್ತರ – ಬಳ್ಳಾರಿಯಿಂದ

‘ಕೊರಳಪಟ್ಟಿ’ ಬೇಡವೇ ಬೇಡ ರೀ. ಶಬ್ದ ಚೆನ್ನಾಗಿಯೇ ಇದೆ, ಆದರೆ ಅದು ಕೈಯನ್ನು ತಪ್ಪು ಜಾಗಕ್ಕೆ ಒಯ್ಯುತ್ತದೆ. ಕ್ಯಾಮೆರಾ ಡಬ್ಬಿಯಲ್ಲಿ ಬರುವ, ಕೊರಳಿಗೆ ಹಾಕಿಕೊಳ್ಳುವ ನೆಕ್ ಸ್ಟ್ರ್ಯಾಪ್ ಇದೆಯಲ್ಲ, ಕೊರಳಪಟ್ಟಿ ಎಂದರೆ ಮೊದಲು ನೆನಪಾಗುವುದೇ ಅದು. ನಿಮ್ಮ ವಾಕ್ಯ ಓದಿದ ಗೈಡ್ ಆ ಸ್ಟ್ರ್ಯಾಪನ್ನೇ ಹಿಡಿದು ಎತ್ತುತ್ತಾನೆ. ಕೈಪಿಡಿ ಯಾವುದು ಬೇಡ ಅನ್ನುತ್ತದೋ ಅದನ್ನೇ ಮಾಡಿಸಿದಂತಾಯಿತು.

ಯಾಕೆ ಬೇಡ ಎನ್ನುವುದಕ್ಕೆ ಲೆಕ್ಕ ನೋಡಿ. ನಿಕಾನ್ 200-500 ಲೆನ್ಸ್ ಕಾಲರ್ ಸಮೇತ 2,300 ಗ್ರಾಂ. ಅದೇ ಕಂಪನಿಯ ಡಿ500 ಕ್ಯಾಮೆರಾದ ಬಾಡಿ ಬ್ಯಾಟರಿ, ಮೆಮೊರಿ ಕಾರ್ಡ್ ಸಮೇತ 860 ಗ್ರಾಂ. ಅಂದರೆ ಕ್ಯಾಮೆರಾಕ್ಕೆ ಲೆನ್ಸ್ ಜೋಡಿಸಿದ್ದಲ್ಲ, ಲೆನ್ಸಿಗೆ ಕ್ಯಾಮೆರಾ ಅಂಟಿಸಿದ್ದು. ನೆಕ್ ಸ್ಟ್ರ್ಯಾಪ್ ಕಟ್ಟಿರುವುದು ಬಾಡಿಗೆ. ಅದರಿಂದ ತೂಗುಹಾಕಿದರೆ ಎರಡು ಕಿಲೊ ಮೀರಿದ ಲೆನ್ಸಿನ ಭಾರವೆಲ್ಲ ಬಾಡಿಯ ಲೋಹದ ಮೌಂಟ್ ಉಂಗುರದ ಮೂಲಕವೇ ಹೋಗಬೇಕು. ಆ ಉಂಗುರವನ್ನು ಹಿಡಿದಿರುವುದು ಕೆಲವು ಪುಟ್ಟ ಸ್ಕ್ರೂಗಳು. ಅಗ್ಗದ ಬಾಡಿಗಳಲ್ಲಿ ಆ ಸ್ಕ್ರೂಗಳ ಹಿಂದಿರುವುದು ಪ್ಲಾಸ್ಟಿಕ್ಕು.

ಲೆನ್ಸ್ ನೆಟ್ಟಗೆ ಕೆಳಮುಖವಾಗಿ ಜೋತಿದ್ದರೆ ಅಷ್ಟೇನೂ ಕಷ್ಟವಿಲ್ಲ, ಬರೀ ಎಳೆತ. ಕಷ್ಟ ಬರುವುದು ಅದು ಅಡ್ಡಲಾದಾಗ: ಬಾಡಿಯ ಗ್ರಿಪ್ ಹಿಡಿದು ಒಂದೇ ಕೈಯಲ್ಲಿ ಎತ್ತಿದಾಗ, ಜೀಪಿನ ಸೀಟಿನಲ್ಲಿ ಕೂತು ಮೊಣಕಾಲು ಲೆನ್ಸನ್ನು ಮೇಲಕ್ಕೆ ತಳ್ಳಿದಾಗ. ಲೆನ್ಸಿನ ಭಾರ ಮೌಂಟಿನಿಂದ 12 ಸೆಂ.ಮೀ. ಮುಂದೆ ಇದೆ, ಮೌಂಟಿನ ಅಗಲ 5 ಸೆಂ.ಮೀ. ಎಂದಿಟ್ಟುಕೊಂಡರೆ ಸನ್ನೆಗೋಲಿನ ಲೆಕ್ಕದಲ್ಲಿ ಮೌಂಟಿನ ಮೇಲಂಚಿಗೆ ಬೀಳುವ ಎಳೆತ 5.5 ಕಿಲೊದಷ್ಟು. ಝೂಮ್ ಮುಂದಕ್ಕೆ ಚಾಚಿದ್ದರೆ ಇನ್ನೂ ಹೆಚ್ಚು. ಗಾಲಿ ಗುಂಡಿಗೆ ಇಳಿದರೆ ಅದೇ ಎರಡು ಮೂರು ಪಟ್ಟಾಗುತ್ತದೆ. ಕಾಲರ್‌ನಿಂದ ಹಿಡಿದರೆ ಮೌಂಟ್ ಹೊರಬೇಕಾದದ್ದು ಹಿಂದಿರುವ ಬಾಡಿಯನ್ನು ಮಾತ್ರ, ಅದೂ 4 ಸೆಂ.ಮೀ. ದೂರದಲ್ಲಿ. ಆಗ ಎಳೆತ ಮುಕ್ಕಾಲು ಕಿಲೊಕ್ಕಿಂತ ಕಡಿಮೆ.

ಹಾಗಾಗಿ ಕಾಲರ್‌ಗೆ ‘ಕಡಗ’ ಎನ್ನಿ. ವಸ್ತು ಇರುವುದೇ ಹಾಗೆ: ಲೆನ್ಸಿನ ಕೊಳವೆಯ ಸುತ್ತ ಕೂರುವ ದಪ್ಪ ಲೋಹದ ಬಳೆ. ಕೊರಳಿಗೆ ಹಾಕುವ ಯಾವುದರ ಜತೆಗೂ ಅದು ಗೊಂದಲವಾಗದು. ಫೂಟ್‌ಗೆ ‘ಕಾಲು’ ಸಾಕು. 600 ಎಫ್/4 ನಂಥ ದೊಡ್ಡ ಲೆನ್ಸುಗಳ ಮೈಮೇಲೆಯೇ ಪಟ್ಟಿ ಕಟ್ಟಲು ಕೊಂಡಿಗಳಿರುತ್ತವೆ. ಹಂಡೆಗೆ ಕಿವಿ ಇದ್ದಹಾಗೆ ಅವು, ‘ಕಿವಿ’ ಎಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಂಥ ಲೆನ್ಸಿದ್ದಾಗ ಪಟ್ಟಿ ಬಾಡಿಯ ಕಿವಿಗಲ್ಲ, ಲೆನ್ಸಿನ ಕಿವಿಗೆ.

‘ಮೌಂಟ್’ ಮೌಂಟಾಗಿಯೇ ಇರಲಿ. ‘ಕೂಡುಬಾಯಿ’ ಕೇಳಲು ಇಂಪು, ಆದರೆ ರಿಪೇರಿ ಅಂಗಡಿಯಲ್ಲಿ ಅದನ್ನು ಹೇಳಿದರೆ ಮುಖ ನೋಡುತ್ತಾರೆ.

‘ಪ್ಲೇ’ ಶಬ್ದವನ್ನು ಮಾತ್ರ ಒಂದೇ ಪದದಲ್ಲಿ ಮುಗಿಸಬೇಡಿ, ಅಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಲೆನ್ಸನ್ನು ಹಾಕುವ–ತೆಗೆಯುವ ದಿಕ್ಕಿನಲ್ಲಿ ತಿರುವಿದಾಗ ಕೂದಲೆಳೆಯಷ್ಟು ಆಡುವುದು ಸಹಜ. ಲಾಕ್ ಪಿನ್ನು ತನ್ನ ತೂತಿನಲ್ಲಿ ಸಲೀಸಾಗಿ ಕೂರಲು ಅಷ್ಟು ಜಾಗ ಬೇಕು. ಮೇಲೆ–ಕೆಳಗೆ ಒತ್ತಿದಾಗ ಮೌಂಟಿನ ಬಳಿ ಸಂದು ಬಾಯಿಬಿಟ್ಟರೆ ಅದು ಸಹಜವಲ್ಲ. ಮೊದಲನೆಯದು ‘ತಿರುಗಾಟ’ ಎಂದಾದರೆ ಪ್ರವಾಸದ ಅರ್ಥ ಬಂದೀತು, ಆದ್ದರಿಂದ ‘ತಿರುಗುವ ಸಡಿಲ’, ಎರಡನೆಯದು ‘ಅಲುಗುವ ಸಡಿಲ’. ಎರಡನೆಯದರ ಗುರುತು ಚಿತ್ರದಲ್ಲೂ ಕಾಣುತ್ತದೆ. ಇಟ್ಟಿಗೆ ಗೋಡೆಯ ಎದುರು ಕ್ಯಾಮೆರಾವನ್ನು ನೇರ ನಿಲ್ಲಿಸಿ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು ಒಂದು ಫೋಟೊ ತೆಗೆದು ನಾಲ್ಕು ಮೂಲೆ ನೋಡಿ. ಒಂದು ಪಕ್ಕ ಚೊಕ್ಕ, ಇನ್ನೊಂದು ಪಕ್ಕ ಮಸುಕು ಬಂದರೆ ಮೌಂಟ್ ವಾಲಿರಬಹುದು, ಇಲ್ಲವೇ ಒಳಗಿನ ಗಾಜು ಜಾಗ ಬಿಟ್ಟಿರಬಹುದು. ಕ್ಯಾಮೆರಾ ಆಗಾಗ ‘ಲೆನ್ಸ್ ಇಲ್ಲ’ ಎಂಬಂಥ ಎರರ್ ತೋರಿಸಿದರೆ ಮೌಂಟಿನ ವಿದ್ಯುತ್ ಬಿಂದುಗಳು ಸರಿಯಾಗಿ ಮುಟ್ಟುತ್ತಿಲ್ಲ. ಧೂಳಿನಿಂದಲೂ ಹಾಗಾಗುತ್ತದೆ, ಮೊದಲು ಒಣ ಬಟ್ಟೆಯಿಂದ ಒರೆಸಿ ನೋಡಬೇಕು.

ಉತ್ತರ – ರಾಯಚೂರಿನಿಂದ

ಕಡಗ ಒಪ್ಪಿದೆ. ಆದರೆ ನಿಮ್ಮ ವಾಕ್ಯದ ‘ಹೆಗಲಿಗೆ ಹಾಕು’ ಕೂಡ ಅಷ್ಟೇ ಅಪಾಯದ್ದು. ಹೆಗಲಿಗೆ ಹಾಕು ಎಂದರೆ ಟವೆಲ್ ಹಾಕಿದಂತೆ ಒಂದೇ ಹೆಗಲಿಗೆ ಇಳಿಬಿಡುವುದೂ ಆಗುತ್ತದೆ. ಬಗ್ಗಿದ ಕೂಡಲೇ ಪಟ್ಟಿ ಜಾರುತ್ತದೆ. ಸ್ಲಿಂಗ್ ಹಾಕುವ ಕ್ರಮ ಬೇರೆ: ಎಡ ಹೆಗಲ ಮೇಲಿಂದ ಎದೆಗೆ ಅಡ್ಡಲಾಗಿ ಬಂದು ಕ್ಯಾಮೆರಾ ಬಲ ಸೊಂಟದ ಬಳಿ ನಿಲ್ಲಬೇಕು. ಇದಕ್ಕೆ ‘ಅಡ್ಡ ಹಾಕು’, ಪಟ್ಟಿಗೆ ‘ಅಡ್ಡಪಟ್ಟಿ’. ‘ಬಗಲಿಗೆ ಹಾಕು’ ಕೂಡ ಬಳಕೆಯಲ್ಲಿದೆ, ಆದರೆ ಬಗಲಚೀಲವನ್ನು ಒಂಟಿ ಹೆಗಲಿಗೂ ಹಾಕುತ್ತಾರೆ, ಹಾಗಾಗಿ ಬೇಡ.

ಅಡ್ಡಪಟ್ಟಿಯ ಸ್ಕ್ರೂ ಕೂರುವುದು ಬಾಡಿಯ ತಳದ ತೂತಿಗಲ್ಲ, ಕಡಗದ ಕಾಲಿಗೆ. ಎರಡರಲ್ಲೂ ಅದೇ 1/4 ಇಂಚಿನ, ಇಂಚಿಗೆ 20 ಮರೆಯ (ಸ್ಕ್ರೂ ಸುತ್ತಿನ) ತೂತು ಇರುವುದರಿಂದಲೇ ಜನ ತಪ್ಪುವುದು. ಕೆಲವು ಕಾಲುಗಳಲ್ಲಿ 3/8 ಇಂಚಿನ ದೊಡ್ಡ ತೂತೂ ಇರುತ್ತದೆ. ಅದರಲ್ಲಿ 1/4 ಇಂಚಿನ ಸ್ಕ್ರೂ ಹಿಡಿತವಿಲ್ಲದೆ ಒಳಹೋಗಿ ಈಚೆ ಬರುತ್ತದೆ. ನಡೆಯುವಾಗ ಲೆನ್ಸ್ ಪ್ರತಿ ಹೆಜ್ಜೆಗೂ ಸ್ವಲ್ಪ ಸುತ್ತುತ್ತದೆ, ಆ ಸುತ್ತು ಸ್ಕ್ರೂವನ್ನು ಬಿಚ್ಚುತ್ತಲೇ ಹೋಗುತ್ತದೆ. ರಬ್ಬರ್ ವಾಷರ್ ಇರಲೇಬೇಕು. ಹೊರಡುವಾಗ, ಜೀಪಿನಿಂದ ಇಳಿದಾಗ, ಅಂಜನಾದ್ರಿಯ 575 ಮೆಟ್ಟಿಲಿನಂಥ ಏರು ಮುಗಿದಾಗ ಬೆರಳಿನಿಂದ ತಿರುವಿ ನೋಡಬೇಕು. ಇಕ್ಕಳ ಹಾಕಿ ಬಿಗಿಯುವುದು ಬೇಡ, ಅಲ್ಯೂಮಿನಿಯಂ ಕಾಲಿನ ಮರೆ ಸವೆಯುತ್ತದೆ.

ಕಡಗಕ್ಕೆ ಇನ್ನೊಂದು ನಾಬ್ ಇದೆ, ಲೆನ್ಸನ್ನು ಅಡ್ಡ–ಉದ್ದ ತಿರುಗಿಸಲು ಸಡಿಲಿಸುವುದು ಅದನ್ನೇ. ಕೆಲವು ಕಡಗಗಳಲ್ಲಿ ಅದನ್ನು ಪೂರ್ತಿ ಬಿಚ್ಚಿದರೆ ಕಡಗವೇ ಬಾಯಿತೆರೆದು ಲೆನ್ಸ್ ಕೈಬಿಟ್ಟುಹೋಗುತ್ತದೆ. ಹೊರುವ ಮುನ್ನ ಈ ನಾಬ್ ಬಿಗಿ ಇದೆಯೇ ಎಂದು ನೋಡುವುದು ಕೈಪಿಡಿಯಲ್ಲಿ ಮೊದಲ ಸಾಲಾಗಬೇಕು.

‘ಟೆದರ್’ಗೆ ‘ಕಾವಲು ದಾರ’. ಇದನ್ನು ಬರೀ ‘ಹೆಚ್ಚುವರಿ ದಾರ’ ಎಂದು ಬರೆದರೆ ಯಾರೂ ಕಟ್ಟುವುದಿಲ್ಲ. ಲೆನ್ಸಿನಿಂದ ಹೊರುವಾಗ ಬೀಳುವ ಭಯ ಬಾಡಿಗೆ. ಮೌಂಟಿನ ಪಕ್ಕದ ಬಿಡುಗಡೆ ಗುಂಡಿ ಸೊಂಟಕ್ಕೆ ಉಜ್ಜಿ ಒತ್ತಿಕೊಂಡು, ಅದೇ ಹೊತ್ತಿಗೆ ಬಾಡಿ ಸ್ವಲ್ಪ ತಿರುಗಿದರೆ ಅದು ಕಳಚಿ ಬೀಳುತ್ತದೆ. ಕಾವಲು ದಾರ ಅಡ್ಡಪಟ್ಟಿಯ ಕೊಂಡಿಯಿಂದ ಬಾಡಿಯ ಕಿವಿಗೆ ಹೋಗಬೇಕು. ನಾಲ್ಕು ಬೆರಳಿನಷ್ಟು ಸಡಿಲ ಇರಲಿ, ಸಾಮಾನ್ಯ ಹೊತ್ತಿನಲ್ಲಿ ಅದು ಭಾರ ಹೊರಬಾರದು. ಕಡಗದ ಸ್ಕ್ರೂ ಬಿಚ್ಚಿಹೋದರೂ ಇದೇ ದಾರ ಹಿಡಿಯುತ್ತದೆ. ಆ ಒಂದು ಗಳಿಗೆ ಮೌಂಟಿಗೆ ಭಾರ ಬಿದ್ದರೂ ಬಂಡೆಗೆ ಬೀಳುವುದಕ್ಕಿಂತ ವಾಸಿ.

‘ಝೂಮ್ ಕ್ರೀಪ್’ಗೆ ಹೊಸ ಪದ ಯಾಕೆ? ‘ಲೆನ್ಸ್ ಇಳಿತೈತಿ’ ಎಂದರೆ ಇಲ್ಲಿ ತಿಳಿಯುತ್ತದೆ. ಕೆಳಮುಖವಾಗಿ ತೂಗುಹಾಕಿದಾಗ ಮುಂದಿನ ಗಾಜುಗಳ ಭಾರಕ್ಕೆ ಕೊಳವೆ ತಾನೇ ಚಾಚಿಕೊಳ್ಳುತ್ತದೆ. ತೂಗಾಟ ಹೆಚ್ಚುತ್ತದೆ, ಕಲ್ಲಿಗೆ ತಾಗುವುದೂ ಸುಲಭ. ಪೂರ್ತಿ ಒಳಕ್ಕೆ ತಂದು ಲಾಕ್ ಹಾಕಿಯೇ ಹೊರಬೇಕು. ನಿಕಾನ್ 200-500 ಲಾಕ್ ಆಗುವುದು 200ರಲ್ಲಿ ಮಾತ್ರ. ಲಾಕ್ ಹಾಕಿದ್ದನ್ನು ಮರೆತು ಝೂಮ್ ತಿರುವಲು ಬಲ ಹಾಕಬಾರದು ಎಂದೂ ಸೇರಿಸಿ.

ಉತ್ತರ – ಸಂಡೂರಿನಿಂದ

ಎರಡು ಮಾತು ಸೇರಿಸುವೆ. ‘ಲೆನ್ಸ್ ಬಿಚ್ಚಿ ಬೇರೆ ಇಟ್ಟುಕೊಳ್ಳಿ’ ಎಂದು ಯಾರಾದರೂ ಸಲಹೆ ಕೊಟ್ಟರೆ ಕೈಪಿಡಿಯಲ್ಲಿ ಹಾಕಬೇಡಿ. ಅದಿರು ಲಾರಿ ಓಡಾಡುವ ನಮ್ಮ ರಸ್ತೆ ಬದಿಯಲ್ಲಿ, ಬೇಸಿಗೆಯ ಎರೆ ಹೊಲದಲ್ಲಿ ಬಾಡಿಯ ಬಾಯಿ ತೆರೆಯುವುದೆಂದರೆ ಸೆನ್ಸರಿಗೆ ಧೂಳು ಕರೆದಂತೆ. ಜೋಡಿಸಿಯೇ ಇಡುವುದು ಅದಕ್ಕೇ.

ಜೀಪಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿ, ಒಂದು ಕೈ ಕಡಗದ ಕೆಳಗೆ ಇರಲಿ. ಡ್ಯಾಶ್‌ಬೋರ್ಡ್, ಖಾಲಿ ಸೀಟು ಎರಡೂ ಬೇಡ, ಬ್ರೇಕ್ ಹಾಕಿದರೆ ನೆಲಕ್ಕೆ ಬರುತ್ತದೆ. ಬ್ಯಾಗಿನಲ್ಲಾದರೆ ಹುಡ್ (ಲೆನ್ಸಿನ ಮುಂದಿನ ಬಿಸಿಲುಮರೆ) ತಿರುವಿ ಹಾಕಿ, ಲೆನ್ಸನ್ನು ಮಲಗಿಸಿ, ಕಡಗದ ಕೆಳಗೆ ಮೆತ್ತನೆಯ ಒತ್ತು ಕೊಡಿ, ಬಾಡಿ ಮಾತ್ರ ನೆಲ ಕಚ್ಚಿ ಲೆನ್ಸ್ ಗಾಳಿಯಲ್ಲಿ ಇರಬಾರದು. ಬೈಕಿನಲ್ಲಿ ಟ್ಯಾಂಕಿನ ಮೇಲೆ, ಕ್ಯಾರಿಯರ್ ಮೇಲೆ ಕಟ್ಟದೆ ಬೆನ್ನಿಗೆ ಹಾಕಿಕೊಳ್ಳಬೇಕು. ಎಂಜಿನ್ನಿನ ಸಣ್ಣ ನಡುಕ ಮೈಯಲ್ಲಿ ಇಂಗುತ್ತದೆ, ಕಬ್ಬಿಣದಲ್ಲಿ ಇಂಗುವುದಿಲ್ಲ. ಬೈಕಿನ ಕಂಪನದಿಂದ ಫೋನಿನ ಕ್ಯಾಮೆರಾದ ಸ್ಥಿರೀಕರಣ ಕೆಡಬಹುದೆಂದು ಆಪಲ್ 2021ರಲ್ಲಿ ಎಚ್ಚರಿಸಿತ್ತು. ಇಂಥ ಲೆನ್ಸಿನೊಳಗೂ ಕೈನಡುಕ ಸರಿದೂಗಿಸಲು ಹಾಗೆಯೇ ತೇಲುವ ಗಾಜು ಇದೆ. ಅದು ಕೆಲಸದಲ್ಲಿರುವಾಗಲೇ ಸ್ವಿಚ್ ಆರಿಸಿದರೆ ಅಲುಗಾಡಿಸಿದಾಗ ಕಡಕಡ ಸದ್ದು ಬರಬಹುದು. ಮುರಿದಿಲ್ಲ, ಮತ್ತೆ ಆನ್ ಮಾಡಿ, ಗಾಜು ನಿಂತ ಮೇಲೆ ಆಫ್ ಮಾಡಿದರೆ ನಿಲ್ಲುತ್ತದೆ.

ಟ್ರೈಪಾಡ್ ಸಮೇತ ಹೆಗಲ ಮೇಲೆ ಹೊತ್ತು ನಡೆಯುವುದಕ್ಕೆ ಪದ ಹುಡುಕಬೇಡಿ, ‘ಬೇಡ’ ಎಂದಷ್ಟೇ ಬರೆಯಿರಿ. ಲೆನ್ಸಿನ ಕಾಲನ್ನು ಕಚ್ಚಿಹಿಡಿದ ಟ್ರೈಪಾಡಿನ ಕ್ಲಾಂಪ್ ಸಡಿಲಾದರೆ ಬೆನ್ನ ಹಿಂದೆ ಬೀಳುವುದು ಬಿದ್ದ ಮೇಲೇ ಗೊತ್ತಾಗುವುದು.

ಮತ್ತೆ ಗಂಗಾವತಿಯಿಂದ

ಎಲ್ಲರಿಗೂ ಧನ್ಯವಾದ. ವಾಕ್ಯವನ್ನು ಹೀಗೆ ತಿದ್ದಿದೆ: “ಮೊದಲು ಕಡಗದ ನಾಬ್ ಬಿಗಿ ಇದೆಯೇ ನೋಡಿ. ಝೂಮ್ ಒಳಕ್ಕೆ ತಂದು ಲಾಕ್ ಹಾಕಿ. ಲೆನ್ಸಿನ ಕಾಲು ಹಿಡಿದು ಎತ್ತಿ. ಅಡ್ಡಪಟ್ಟಿಯನ್ನು ಕಡಗದ ಕಾಲಿಗೆ, ಕಾವಲು ದಾರವನ್ನು ಬಾಡಿಯ ಕಿವಿಗೆ ಸಿಕ್ಕಿಸಿ.” ಸಾಣಾಪುರದಲ್ಲಿ ಹರಿಗೋಲು ಹತ್ತುವವರಿಗೆ ಬೇರೆ ಸಾಲು: ಅಡ್ಡಪಟ್ಟಿ ಮೈಮೇಲಿಂದ ತೆಗೆದು, ಕ್ಯಾಮೆರಾ ನೀರು ಹೋಗದ ಚೀಲಕ್ಕೆ ಹಾಕಿ, ಆಮೇಲೆ ಲೈಫ್ ಜಾಕೆಟ್. ಮೂರು ಕಿಲೊ ಭಾರವನ್ನು ಮೈಗೆ ಅಡ್ಡ ಬಿಗಿದುಕೊಂಡು ನೀರಿನ ಮೇಲೆ ಕೂರಬಾರದು. ಒಂದೇ ಅನುಮಾನ ಉಳಿದಿದೆ: ‘ಕಾಲು ಹಿಡಿದು’ ಎಂದರೆ ಓದುವವರು ನಗುತ್ತಾರೇನೋ?

ಉತ್ತರ – ಬಳ್ಳಾರಿಯಿಂದ

ನಗಲಿ ಬಿಡಿ, ನೆನಪಿಟ್ಟುಕೊಳ್ಳುತ್ತಾರೆ. ಲಕ್ಷ ರೂಪಾಯಿಯ ಲೆನ್ಸಿನ ಕಾಲು ಹಿಡಿಯುವುದರಲ್ಲಿ ತಪ್ಪೇನಿಲ್ಲ. ಆದರೆ ‘ಹಿಡಿದು’ ಸಾಲದು. ಕಾಲನ್ನು ಬರೀ ಎರಡು ಬೆರಳಲ್ಲಿ ಚಿವುಟಿ ಎತ್ತಿದರೆ ಲೆನ್ಸ್ ಕೈಯಲ್ಲೇ ಹೊರಳುತ್ತದೆ. ಅಂಗೈ ಕಾಲಿನ ಕೆಳಗೆ, ಬೆರಳು ಕೊಳವೆಯ ಸುತ್ತ, ಇನ್ನೊಂದು ಕೈ ಬಾಡಿಯ ಗ್ರಿಪ್ಪಿಗೆ ಎಂದು ಬರೆಯಿರಿ. ಹುಡ್ ಹಿಡಿದು ಯಾರೂ ಎತ್ತಬಾರದು, ಅದು ಸಿಕ್ಕಿಸಿದ ಪ್ಲಾಸ್ಟಿಕ್ಕು, ತಿರುಗಿ ಕೈಗೆ ಬರುತ್ತದೆ. ಕೈಯಿಂದ ಕೈಗೆ ಕೊಡುವಾಗ ತೆಗೆದುಕೊಳ್ಳುವವರು ‘ಹಿಡಿದೆ, ಬಿಡ್ರಿ’ ಎನ್ನುವ ತನಕ ಕೊಡುವವರು ಬಿಡಬಾರದು. ಕೆಲವು ಲೆನ್ಸುಗಳಲ್ಲಿ ಕಾಲು ಕಡಗಕ್ಕೆ ಅಂಟಿದ್ದಲ್ಲ, ಸ್ಕ್ರೂಗಳಿಂದ ಸೇರಿಸಿದ್ದು. ಅವನ್ನು ಬಿಗಿಯಲು ಸಾಮಾನ್ಯವಾಗಿ ಆರು ಮೂಲೆಯ ಅಲೆನ್ ಕೀ ಬೇಕು. ಜೀಪಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅದೊಂದು ಇಟ್ಟಿರಲು ಚಾಲಕರಿಗೆ ಹೇಳಿ.