ಪದಚರ್ಚೆ: ಚಕ್ರ ವಾಲುತ್ತದೆ, ಅಚ್ಚು ಒರಗುತ್ತದೆ, ‘ಟೋ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಅಮೆರಿಕನ್ ಮಸಲ್ ಕಾರುಗಳನ್ನು ಇಷ್ಟಪಡುವ ಕನ್ನಡಿಗರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ವಿಷಯ, 1965-66ರ ಫೋರ್ಡ್ ಮಸ್ಟಾಂಗಿನ ಮುಂದಿನ ಸಸ್ಪೆನ್ಷನ್ ಮತ್ತು ವೀಲ್ ಅಲೈನ್‌ಮೆಂಟ್. ಸ್ಪ್ರಿಂಗ್, ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ಗ್ಯಾರೇಜಿನಲ್ಲಿ ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ತೊಡಕಾಗಿರುವುದು ಮೂರೇ ಪದ: ಕ್ಯಾಂಬರ್ (ಎದುರಿನಿಂದ ಕಾಣುವ ಚಕ್ರದ ಓರೆ), ಕ್ಯಾಸ್ಟರ್ (ಪಕ್ಕದಿಂದ ಕಾಣುವ, ಸ್ಟೀರಿಂಗ್ ತಿರುವಿನ ಗೆರೆಯ ಓರೆ), ಟೋ (ಮೇಲಿನಿಂದ ಕಾಣುವ, ಚಕ್ರದ ಮುಂದಿನ ಅಂಚಿನ ಒಳ-ಹೊರ ತಿರುವು).

ನಮ್ಮಲ್ಲಿ ‘ಅಲೈನ್‌ಮೆಂಟ್ ಮಾಡಿಸಿದೆ’ ಅಂದರೆ ಮೂರೂ ಅದರಲ್ಲೇ ಬಂತು. ಅದಕ್ಕೆ ಕಾರಣವೂ ಇದೆ. ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಮುಂದಿನ ಚಕ್ರಗಳಿಗೆ ಟೋ ಒಂದನ್ನೇ ಸುಲಭವಾಗಿ ತಿದ್ದಬಹುದು. ಹಾಗಾಗಿ ಬೇರೆ ಬೇರೆ ಹೆಸರಿನ ಅಗತ್ಯ ಬಿದ್ದಿಲ್ಲ.

ಈ ಮಸ್ಟಾಂಗಿನಲ್ಲಿ ಹಾಗಲ್ಲ. ಚಕ್ರವನ್ನು ಹಿಡಿದಿರುವ ಎರಡು ಆರ್ಮುಗಳಲ್ಲಿ (ತೋಳುಗಳಲ್ಲಿ) ಮೇಲಿನದರ ಒಳತುದಿ ಎರಡು ಬೋಲ್ಟುಗಳಿಂದ ಕಾರಿನ ಬಾಡಿಯಲ್ಲಿ ಕೂರುತ್ತದೆ. ನಡುವೆ ಶಿಮ್ ಎಂಬ ತೆಳ್ಳಗಿನ ಲೋಹದ ತುಂಡುಗಳಿರುತ್ತವೆ. ಎರಡೂ ಬೋಲ್ಟಿಗೆ ಸಮವಾಗಿ ಶಿಮ್ ಸೇರಿಸಿದರೆ ಅಥವಾ ತೆಗೆದರೆ ಕ್ಯಾಂಬರ್ ಬದಲಾಗುತ್ತದೆ. ಒಂದಕ್ಕೆ ಜಾಸ್ತಿ, ಒಂದಕ್ಕೆ ಕಡಿಮೆ ಹಾಕಿದರೆ ಕ್ಯಾಸ್ಟರ್ ಬದಲಾಗುತ್ತದೆ. ಅದೇ ಬೋಲ್ಟು, ಅದೇ ಶಿಮ್, ಕೆಲಸ ಮಾತ್ರ ಬೇರೆ. 1967ರಿಂದ ಫೋರ್ಡ್ ಇದನ್ನು ಬದಲಿಸಿತು. ಕ್ಯಾಂಬರಿಗೆ ಕೆಳಗಿನ ಆರ್ಮಿನ ಬುಡದಲ್ಲಿ ಎಕ್ಸೆಂಟ್ರಿಕ್ (ನಡು ತಪ್ಪಿದ) ಬೋಲ್ಟ್ ಬಂತು, ಕ್ಯಾಸ್ಟರಿಗೆ ಕೆಳಗಿನ ಆರ್ಮನ್ನು ಹಿಂದೆಮುಂದೆ ಸರಿಯದಂತೆ ಹಿಡಿಯುವ ಸ್ಟ್ರಟ್ ರಾಡಿನ ನಟ್ಟುಗಳು ಬಂದವು. ಇಂಥ ಕಡೆ ‘ಚಕ್ರವನ್ನು ಸ್ವಲ್ಪ ಒಳಕ್ಕೆ ತನ್ನಿ’ ಎಂದು ಬರೆದರೆ ಓದುವವನು ಏನು ಮಾಡಬೇಕು? ಚಕ್ರದ ತಲೆ ಒಳಕ್ಕೋ, ಮುಂದಿನ ಅಂಚು ಒಳಕ್ಕೋ? ಎರಡಕ್ಕೂ ನಾವು ‘ಒಳಕ್ಕೆ’ ಅಂತಲೇ ಹೇಳುತ್ತೇವೆ, ಅಲ್ವಾ?

ಕ್ಯಾಂಬರಿಗೆ ನನ್ನ ಆಯ್ಕೆ ‘ವಾಲು’. ಕಾರಿನ ಎದುರು ನಿಂತು ನೋಡಿದಾಗ ಚಕ್ರದ ತಲೆ ಒಳಗಿದ್ದರೆ ಒಳವಾಲು, ಹೊರಗಿದ್ದರೆ ಹೊರವಾಲು. ಋಣ ಕ್ಯಾಂಬರ್, ಧನ ಕ್ಯಾಂಬರ್ ಅಂದರೆ ಲೆಕ್ಕದ ಪುಸ್ತಕ ತೆರೆದ ಹಾಗಿರುತ್ತದೆ, ಯಾವ ಕಡೆ ಅಂತ ಮಾತ್ರ ತಿಳಿಯುವುದಿಲ್ಲ. ‘ಬಾಗು’ ಸರಿಯಿಲ್ಲ, ಚಕ್ರವೇನೂ ಬಾಗಿರುವುದಿಲ್ಲ. ‘ಸೊಟ್ಟ’ ಇನ್ನೂ ತಪ್ಪು, ಅದರಲ್ಲಿ ಕೆಟ್ಟಿದೆ ಅನ್ನುವ ಅರ್ಥ ಸೇರಿಕೊಂಡಿದೆ. ಆದರೆ ಒಳವಾಲನ್ನು ಬೇಕಂತಲೇ ಕೊಡುವುದುಂಟು. ಮಸ್ಟಾಂಗನ್ನೇ ಚುರುಕುಗೊಳಿಸಿ ಮಾಡಿದ 1965ರ ಶೆಲ್ಬಿ ಜಿಟಿ350ರಲ್ಲಿ ಮೇಲಿನ ಆರ್ಮಿನ ಕೀಲನ್ನು 1 ಇಂಚು ಕೆಳಗಿಳಿಸಿದ್ದರು. ಅದರ ಹಿಂದಿನ ಲೆಕ್ಕ ಫೋರ್ಡಿನ ಇಂಜಿನಿಯರ್ ಕ್ಲಾಸ್ ಆರ್ನಿಂಗ್ ಅವರದು. ತಿರುವಿನಲ್ಲಿ ಬಾಡಿ ಒಂದು ಪಕ್ಕಕ್ಕೆ ಕುಸಿದಾಗ ಹೊರಗಡೆಯ ಚಕ್ರ ಒಳವಾಲು ಪಡೆದು ರಸ್ತೆಗೆ ಸರಿಯಾಗಿ ಅಂಟಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಇಂಥ ಜಾಣ ಕೆಲಸಕ್ಕೆ ‘ಸೊಟ್ಟ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕ್ಯಾಸ್ಟರಿನಲ್ಲಿ ಓರೆಯಾಗುವುದು ಚಕ್ರವಲ್ಲ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಗೆರೆಯ ಸುತ್ತ ತಿರುಗುತ್ತದೋ ಆ ಗೆರೆ; ತಲೆಬರಹದಲ್ಲಿ ‘ಅಚ್ಚು’ ಎಂದದ್ದು ಇದನ್ನೇ. ಇಲ್ಲಿ ಅದು ಮೇಲಿನ ಬಾಲ್ ಜಾಯಿಂಟಿನಿಂದ ಕೆಳಗಿನದಕ್ಕೆ ಎಳೆದ ಗೆರೆ. ಪಕ್ಕದಿಂದ ನೋಡಿದರೆ ಅದು ಹಿಂದಕ್ಕೆ ಒರಗಿರುತ್ತದೆ, ಸೈಕಲ್ಲಿನ ಮುಂದಿನ ಫೋರ್ಕಿನ ಹಾಗೆ. ಕೈಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಇದರಿಂದ. ಗೋಡೆಗೆ ಒರಗುವುದು, ಒರಗುದಿಂಬು, ಇವೆಲ್ಲ ನಮ್ಮ ಬಾಯಲ್ಲೇ ಇರುವ ಮಾತು. ಅದಕ್ಕೇ ‘ಒರಗು’ ಬಹಳ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ‘ರೇಡಿಯಲ್ ಟೈರ್ ಹಾಕಿದ ಹಳೆಯ ಮಸ್ಟಾಂಗಿಗೆ 2-3 ಡಿಗ್ರಿ ಹಿಂದೊರಗು ಕೊಡುತ್ತಾರೆ’ ಎಂದರೆ ವಾಕ್ಯ ಸಲೀಸಾಗಿ ಓದಿಸಿಕೊಳ್ಳುತ್ತದೆ. ರೇಡಿಯಲ್ ಬರುವ ಮುಂಚಿನ ಬಯಾಸ್-ಪ್ಲೈ ಟೈರುಗಳ ಕಾಲಕ್ಕೆ ಹೊಂದಿದ ಕಾರ್ಖಾನೆಯ ಅಳತೆಯಲ್ಲಿ ಇಷ್ಟು ಒರಗು ಇರಲಿಲ್ಲ.

ನಿಜವಾದ ಪ್ರಶ್ನೆ ಟೋದು. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂಚುಗಳ ನಡುವಿನ ದೂರ, ಹಿಂದಿನ ಅಂಚುಗಳ ನಡುವಿನ ದೂರಕ್ಕಿಂತ ಕಡಿಮೆ ಇದ್ದರೆ ಟೋ-ಇನ್. ವ್ಯತ್ಯಾಸ ಸುಮಾರು 1/8 ಇಂಚು, ಅಂದರೆ 3 ಮಿಲಿಮೀಟರು. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಓಡುವಾಗ ಮುಂದಿನ ಚಕ್ರಗಳು ಸ್ವಲ್ಪ ಹೊರಕ್ಕೆ ತೆರೆದುಕೊಳ್ಳುತ್ತವೆ, ಅದಕ್ಕೇ ಮೊದಲೇ ಇಷ್ಟು ಒಳಕ್ಕೆ ಇಟ್ಟಿರುವುದು. ತಿದ್ದುವುದು ಟೈ ರಾಡಿನ ಸ್ಲೀವ್ ತಿರುಗಿಸಿ. ಇದಕ್ಕೆ ‘ಒಳಮುಖ, ಹೊರಮುಖ’ ಎಂದು ಬರೆದು ನೋಡಿದೆ. ಆದರೆ ಚಕ್ರದ ‘ಮುಖ’ ಅಂದರೆ ಹಲವರಿಗೆ ವೀಲ್ ಕ್ಯಾಪ್ ಇರುವ ಹೊರಬದಿ ನೆನಪಾಗುತ್ತದೆ. ‘ಮೂತಿ’ ಇನ್ನೂ ನಿಖರ, ‘ಚಕ್ರದ ಮೂತಿ ಒಳಗಿದೆ’ ಅಂದರೆ ಗೊಂದಲವಿಲ್ಲ. ಬರಹದಲ್ಲಿ ಒರಟಾಗುತ್ತದೆಯೇ?

ಮೂರನ್ನೂ ಹಾಗೇ ಇಡಿ ಎನ್ನುವವರಿಗೆ ನನ್ನ ಅಡ್ಡಿಯಿಲ್ಲ. ಆದರೆ ಹೆಸರು ಯಾವುದಿದ್ದರೂ ‘ಇಷ್ಟು ಮಾಡಿ’ ಎಂದು ಹೇಳಲು ಕ್ರಿಯಾಪದ ಬೇಕೇ ಬೇಕು. ವಾಲಿಸು, ಒರಗಿಸು ಸಿಕ್ಕಿವೆ. ಟೋಗೆ ಅಂಥದ್ದು ಸಿಕ್ಕಿಲ್ಲ. ಎತ್ತಿನ ಗಾಡಿ ಮಾಡುವ ಬಡಗಿಗಳನ್ನೋ ಲಾರಿ ಮೆಕ್ಯಾನಿಕ್‌ಗಳನ್ನೋ ಬಲ್ಲವರು ಒಮ್ಮೆ ಕೇಳಿ ನೋಡಿ. ಗಾಲಿಯ ಮುಂದಿನ ಅಂಚು ಒಳಕ್ಕೆ ತಿರುಗಿದ್ದರೆ ನಿಮ್ಮ ಕಡೆ ಏನೆನ್ನುತ್ತಾರೆ? ಊರಿನ ಹೆಸರಿನ ಜೊತೆ, ಅವರು ಆಡಿದ ವಾಕ್ಯವನ್ನು ಹಾಗೇ ಬರೆದು ಕಳಿಸಿದರೆ ಬಹಳ ಉಪಕಾರ.