ಅಪ್ಪನ ಜಾವಾಗೆ ಹೊಸ ವೈರಿಂಗ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆ ಬಸವನಗುಡಿಯಲ್ಲಿ. ಅಪ್ಪನ 1968ರ ಜಾವಾ 250 ಬೈಕ್ ಈಗ ನನ್ನ ಹತ್ತಿರ ಇದೆ. ಮೈಸೂರಲ್ಲೇ ತಯಾರಾದ ಗಾಡಿ, 6 ವೋಲ್ಟ್, ಪಾಯಿಂಟ್ಸ್ ಇಗ್ನಿಷನ್ (ತೆರೆದು ಮುಚ್ಚುವ ಪುಟ್ಟ ಸ್ವಿಚ್ಚಿನಿಂದ ಕಿಡಿ ಹುಟ್ಟಿಸುವ ಹಳೆಯ ವ್ಯವಸ್ಥೆ).

ಎರಡು ತಿಂಗಳಿಂದ ಒಂದೇ ಗೋಳು. ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಲಾಲ್‌ಬಾಗ್ ದಾಟುವಷ್ಟರಲ್ಲಿ ಕೆಮ್ಮಲು ಶುರು. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಆಫ್! ಹೆಡ್‌ಲೈಟ್ ಬಿಚ್ಚಿ ನೋಡಿದೆ. ವೈರಿನ ಹೊದಿಕೆ ಹಪ್ಪಳದ ಹಾಗೆ ಮುರಿಯುತ್ತಿದೆ, ಒಳಗಿನ ತಾಮ್ರ ಹಸಿರು ಕಟ್ಟಿದೆ.

ಮೀಟರ್ ಹಿಡಿದೆ. ಪಾಯಿಂಟ್ಸ್ ಮುಚ್ಚಿದಾಗ ಬ್ಯಾಟರಿಯಲ್ಲಿ 6.2 ವೋಲ್ಟ್, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್‌ನಲ್ಲಿ ಬರೀ 4.7. ದಾರಿಯಲ್ಲೇ ಒಂದೂವರೆ ವೋಲ್ಟ್ ಮಾಯ. 12 ವೋಲ್ಟ್ ಗಾಡಿಯಾಗಿದ್ದರೆ ಹೇಗೋ ನಡೆಯುತ್ತಿತ್ತು, 6ರಲ್ಲಿ ಅದು ಕಾಲು ಭಾಗ ಅಲ್ವಾ? ಬ್ಯಾಟರಿಯ ಪ್ಲಸ್‌ನಿಂದ ಕಾಯಿಲ್‌ಗೆ ನೇರ ವೈರ್ ಕೊಟ್ಟೆ. ಗಾಡಿ ಬೆಣ್ಣೆ ಹಾಗೆ ಓಡಿತು. ಅಂದರೆ ಕಾಯಿಲ್, ಕಂಡೆನ್ಸರ್ ಸರಿ ಇವೆ. ಪಾಯಿಂಟ್ಸ್ ಗ್ಯಾಪ್ ಕೂಡ 0.4 ಮಿ.ಮೀ. ಇಟ್ಟಿದ್ದೇನೆ. ತಪ್ಪು ವೈರಲ್ಲೋ ಕೀ ಸ್ವಿಚ್ಚಲ್ಲೋ ಇದೆ.

ಒಬ್ಬ ಮೆಕ್ಯಾನಿಕ್ ಟೇಪ್ ಸುತ್ತಿ ಕೈ ತೊಳೆದುಕೊಂಡರು. ಇನ್ನೊಬ್ಬರು "ಸುಮ್ನೆ 12 ವೋಲ್ಟ್ ಸಿಡಿಐ ಹಾಕಿಸಿ" ಅಂದರು, ಅಂದರೆ ಪಾಯಿಂಟ್ಸ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್. ಅದು ಬೇಡ, ಗಾಡಿ ಇದ್ದ ಹಾಗೇ ಇರಲಿ.

ಜೆ.ಸಿ. ರಸ್ತೆ ಅಥವಾ ಕಲಾಸಿಪಾಳ್ಯ ಕಡೆ ಹಳೆಯ ಬಣ್ಣಗಳಲ್ಲೇ ಪೂರ್ತಿ ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಕಟ್ಟಿಕೊಡುವವರು ಇದ್ದಾರಾ? ನಾನೇ ಕಟ್ಟಿದರೆ ಇಗ್ನಿಷನ್ ಲೈನಿಗೆ 1.5 ಚದರ ಮಿ.ಮೀ. ದಪ್ಪದ ವೈರ್ ಸಾಕಾ, 2.5 ಹಾಕಲಾ? ಹೆಡ್‌ಲೈಟ್ ಮೇಲಿನ ಕೀ ಸ್ವಿಚ್ ಬಿಚ್ಚಿ ಉಜ್ಜಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅದರ ಸ್ಪ್ರಿಂಗ್ ಹಾರಿ ಹೋದರೆ ಅಂತ ಕೈ ನಡುಗುತ್ತಿದೆ.

ಜುಲೈ ಎರಡನೇ ಭಾನುವಾರ ಜಾವಾ ದಿನ, ಜಾವಾ ಬೈಕಿನವರೆಲ್ಲ ಸೇರುವ ದಿನ. ಅಷ್ಟರಲ್ಲಿ ಗಾಡಿ ರೆಡಿ ಆಗಬೇಕು.