ಪೋಸ್ಟ್‌ಗ್ರೆಸ್‌ಗೆ ಬಂದ ಮೇಲೆ ಹೊಸ ಪುಸ್ತಕ ಸೇರಿಸಲು ಆಗುತ್ತಿಲ್ಲ, ಹಳೆಯದೆಲ್ಲ ಸರಿ ಇದೆ

ಪುಸ್ತಕದ_ಕಪಾಟು:
ನಮ್ಮ ಬಡಾವಣೆಯ ಲೈಬ್ರರಿಗೆ ಒಂದು ಚಿಕ್ಕ ಆ್ಯಪ್ ಇದೆ, ಹಳೇ ಡೆಸ್ಕ್‌ಟಾಪ್ ಒಂದರಲ್ಲಿ ನಾನೇ ನಡೆಸುತ್ತೇನೆ. ಭಾನುವಾರ ಅದರ ಡೇಟಾಬೇಸನ್ನು ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್ 15ಕ್ಕೆ ಬದಲಾಯಿಸಿದೆ. ಟೇಬಲ್‌ಗಳನ್ನು ಒಂದೊಂದಾಗಿ ಸಿಎಸ್‌ವಿ ಫೈಲ್ ಮಾಡಿಕೊಂಡು, ಪೋಸ್ಟ್‌ಗ್ರೆಸ್‌ನ ಕಾಪಿ ಕಮಾಂಡ್‌ನಲ್ಲಿ ಐಡಿ (ಪ್ರತಿ ಸಾಲಿನ ನಂಬರ್) ಸಮೇತ ತುಂಬಿದೆ. 4,312 ಪುಸ್ತಕಗಳೂ ಬಂದಿವೆ. ಆದರೆ ಹೊಸದೊಂದು ಸೇರಿಸಲು ಹೋದರೆ ‘ಡೂಪ್ಲಿಕೇಟ್ ಕೀ’ ಅಂತ ಎರರ್. ರಾತ್ರಿಯೆಲ್ಲ ಹುಡುಕಿದೆ, ಡೂಪ್ಲಿಕೇಟ್ ಒಂದೂ ಇಲ್ಲ. ಶನಿವಾರ ಮಕ್ಕಳು ಬರುತ್ತಾರೆ, ಎರಡು ಬಾಕ್ಸ್ ಹೊಸ ಪುಸ್ತಕ ಹಾಗೇ ಬಿದ್ದಿವೆ. ವಾಪಸ್ ಮೈಎಸ್‌ಕ್ಯೂಎಲ್‌ಗೇ ಹೋಗಿಬಿಡಲಾ?

ರಾತ್ರಿಪಾಳಿ:
ಬೇಡ, ಸ್ವಲ್ಪ ತಡೆಯಿರಿ. ಲಾಗ್‌ನಲ್ಲಿ ಎರರ್ ಕೆಳಗೆ ಡೀಟೇಲ್ ಅಂತ ಇನ್ನೊಂದು ಸಾಲು ಇರುತ್ತದೆ. ಸೇವ್ ಬಟನ್ ಇನ್ನೆರಡು ಸಲ ಒತ್ತಿ, ಆ ಸಾಲಿನ ನಂಬರ್ ಬದಲಾಗುತ್ತಾ ನೋಡಿ.

ಪುಸ್ತಕದ_ಕಪಾಟು:
ಹೌದು! ಐಡಿ 17 ಆಗಲೇ ಇದೆ ಅಂದಿತು, ಆಮೇಲೆ 18, ಆಮೇಲೆ 19.

ರಾತ್ರಿಪಾಳಿ:
ಹಾಗಾದರೆ ನಿಮ್ಮ ಡೇಟಾದಲ್ಲಿ ತಪ್ಪಿಲ್ಲ. ಹೊಸ ಐಡಿ ಕೊಡುವುದು ಸೀಕ್ವೆನ್ಸ್ ಅನ್ನುವ ಬೇರೆಯೇ ಕೌಂಟರ್. ನೀವು ಐಡಿ ಸಮೇತ ತುಂಬಿದ್ದರಿಂದ ಅದನ್ನು ಯಾರೂ ಕೇಳಲೇ ಇಲ್ಲ, ಅದು 1ರಿಂದ ಶುರು ಮಾಡಿದೆ. ಸೇವ್ ಫೇಲ್ ಆದರೂ ಕೌಂಟರ್ ಹಿಂದಕ್ಕೆ ಬರುವುದಿಲ್ಲ, ಅದಕ್ಕೇ 17, 18, 19. ಮೈಎಸ್‌ಕ್ಯೂಎಲ್‌ನ ಆಟೋ ಇಂಕ್ರಿಮೆಂಟ್ ಆದರೆ ತುಂಬಿದ ಐಡಿ ನೋಡಿ ತಾನೇ ಮುಂದೆ ಹೋಗುತ್ತಿತ್ತು, ಇಲ್ಲಿ ನಾವು ಹೇಳಬೇಕು.

ಮೊದಲು ಬ್ಯಾಕಪ್ ತೆಗೆಯಿರಿ, ಆ್ಯಪ್ ನಿಲ್ಲಿಸಿ. ಪಿಜಿ ಗೆಟ್ ಸೀರಿಯಲ್ ಸೀಕ್ವೆನ್ಸ್ ಫಂಕ್ಷನ್‌ಗೆ ಟೇಬಲ್, ಕಾಲಂ ಹೆಸರು ಕೊಟ್ಟರೆ ಸೀಕ್ವೆನ್ಸ್ ಹೆಸರು ಸಿಗುತ್ತದೆ. ಅದನ್ನೂ ಟೇಬಲ್‌ನ ಮ್ಯಾಕ್ಸ್ ಐಡಿಯನ್ನೂ (ಅತಿ ದೊಡ್ಡ ಐಡಿ) ಕೌಂಟರ್ ಬದಲಾಯಿಸುವ ಸೆಟ್‌ವಾಲ್ ಫಂಕ್ಷನ್‌ಗೆ ಕೊಡಿ. ಸುಮ್ನೆ 4,312 ಅಂತ ಬರೆದುಬಿಡಬೇಡಿ. ನಡುವೆ ಪುಸ್ತಕ ಅಳಿಸಿದ್ದರೆ ಕೊನೇ ಐಡಿ ಅದಕ್ಕಿಂತ ಜಾಸ್ತಿ ಇರುತ್ತದೆ, ಅಲ್ವಾ? ಸದಸ್ಯರ ಟೇಬಲ್, ಎರವಲು ಟೇಬಲ್‌ಗೂ ಇದನ್ನೇ ಮಾಡಿ.

ಒಂದು_ಬೈಟು:
ಹುಡುಕುವ ಬಾಕ್ಸನ್ನೂ ಒಮ್ಮೆ ನೋಡಿ. ಮೈಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಪೋಸ್ಟ್‌ಗ್ರೆಸ್‌ನಲ್ಲಿ ಪದ ಹುಡುಕುವ ಲೈಕ್ ಅವನ್ನು ಬೇರೆ ಬೇರೆ ಅಂತ ನೋಡುತ್ತದೆ. ಕನ್ನಡದಲ್ಲಿ ಆ ಭೇದವೇ ಇಲ್ಲವಲ್ಲ, ಹಾಗಾಗಿ ಕನ್ನಡ ಹೆಸರುಗಳಿಂದಲೇ ಪರೀಕ್ಷೆ ಮಾಡಿದರೆ ಇದು ಕಣ್ಣಿಗೇ ಬೀಳುವುದಿಲ್ಲ. ನನಗೆ ಗೊತ್ತಾಗಲು ತಿಂಗಳು ಹಿಡಿಯಿತು. ಲೈಕ್ ಇದ್ದಲ್ಲಿ ಆ ಭೇದ ನೋಡದ ಐಲೈಕ್ ಹಾಕಿ.

ಪುಸ್ತಕದ_ಕಪಾಟು:
ಆಯಿತು! ಮ್ಯಾಕ್ಸ್ ಐಡಿ 4,586 ಇತ್ತು, ಹೊಸ ಪುಸ್ತಕ 4,587 ಆಗಿ ಸೇರಿತು. ಇಂಗ್ಲಿಷ್ ಹೆಸರು ಸಣ್ಣಕ್ಷರದಲ್ಲಿ ಟೈಪ್ ಮಾಡಿದರೆ ನಿಜಕ್ಕೂ ಏನೂ ಬರುತ್ತಿರಲಿಲ್ಲ, ಅದನ್ನೂ ಸರಿ ಮಾಡಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಬಾಕ್ಸ್ ಬಿಚ್ಚುತ್ತೇನೆ.